ಕೀಲಿಮಣೆ ಕಷ್ಟ-ಸುಖ: ಕಟ್ ಮಾಡಿದ ಪ್ಯಾರಾ ಎಲ್ಲಿ ಹೋಯಿತು?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಪಿ-ಪೇಸ್ಟ್ ಗೋಳಿನವೇ. ಅದಕ್ಕೇ ಪ್ರಿಂಟರ್ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿದ್ದೇನೆ. ಪ್ರಿಂಟರ್ ಕೆಟ್ಟಿದೆ ಎಂದು ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ಅದು ಮುಂದಿನ ತಿಂಗಳೂ ಕೆಟ್ಟೇ ಇರುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಮನೆತನದ ಕಥೆಯನ್ನು ವರ್ಡ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ. ಒಂದು ದೊಡ್ಡ ಪ್ಯಾರಾವನ್ನು ಬೇರೆ ಅಧ್ಯಾಯಕ್ಕೆ ಸಾಗಿಸೋಣ ಎಂದು ಕಟ್ ಮಾಡಿದೆ. ಅಷ್ಟರಲ್ಲಿ ಮಗಳು ಕೇಳಿದಳೆಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋನ್ ನಂಬರ್ ಕಾಪಿ ಮಾಡಿ ಕಳಿಸಿದೆ. ವಾಪಸ್ ಬಂದು ಪೇಸ್ಟ್ ಒತ್ತಿದರೆ ಫೋನ್ ನಂಬರ್ ಬಂತು. ಪ್ಯಾರಾ ಎಲ್ಲಿ ಹೋಯಿತು? — ಓದುಗರು, ಮಲ್ಲೇಶ್ವರ

ಕ್ಲಿಪ್‌ಬೋರ್ಡಿನಲ್ಲಿ ಜಾಗ ಇರುವುದು ಒಂದಕ್ಕೇ, ಸಾರ್. ಕಟ್, ಕಾಪಿ ಮಾಡಿದ್ದನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಇಡುವ ಡಬ್ಬ ಅದು. ಹೊಸದು ಒಳಗೆ ಬಂದರೆ ಹಳೆಯದು ಹೊರಗೆ. ಆದರೆ ನಿಮ್ಮ ಪ್ಯಾರಾ ಹೋಗಿಲ್ಲ. ಫೈಲನ್ನು ಮುಚ್ಚದೆ ಇದ್ದರೆ ಕಂಟ್ರೋಲ್ ಝಡ್ ಒತ್ತುತ್ತಾ ಹೋಗಿ. ಕಟ್ ಮಾಡಿದ ಜಾಗದಲ್ಲೇ ಅದು ವಾಪಸ್ ಬಂದು ಕೂರುತ್ತದೆ. ಆಗ ಅದನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿ. ಆಮೇಲೆ ಕಂಟ್ರೋಲ್ ವೈ ಒತ್ತುತ್ತಾ ಮುಂದಕ್ಕೆ ಬನ್ನಿ. ಮಧ್ಯೆ ಟೈಪ್ ಮಾಡಿದ್ದೆಲ್ಲ ಮತ್ತೆ ಬರುತ್ತದೆ, ಪ್ಯಾರಾ ಕ್ಲಿಪ್‌ಬೋರ್ಡಿನಲ್ಲಿ ಉಳಿದಿರುತ್ತದೆ. ಕಾಪಿ ಮಾಡುವುದು ತಿದ್ದುಪಡಿ ಅಲ್ಲವಲ್ಲ, ಅದಕ್ಕೇ ಈ ಉಪಾಯ ನಡೆಯುತ್ತದೆ. ಹಿಂದೆ ಹೋದಾಗ ಒಂದೇ ಒಂದು ಅಕ್ಷರ ಟೈಪ್ ಮಾಡಿದಿರೋ, ಮುಂದಕ್ಕೆ ಬರುವ ದಾರಿ ಮುಚ್ಚಿಹೋಗುತ್ತದೆ. ಹುಷಾರು.

ಇನ್ನು ಮುಂದೆ ಹೀಗಾಗದಿರಲು ಈಗಲೇ ಒಂದು ಕೆಲಸ ಮಾಡಿ. ವಿಂಡೋಸ್ ಚಿತ್ರ ಇರುವ ಕೀ ಹಿಡಿದುಕೊಂಡು ವಿ ಒತ್ತಿ. ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಲೇ ಎಂದು ಕೇಳುತ್ತದೆ. ಹೂಂ ಅನ್ನಿ. 2018ರ ಕೊನೆಯಿಂದ ಇದು ವಿಂಡೋಸ್ 10ರಲ್ಲೇ ಇದೆ, 11ರಲ್ಲೂ ಇದೆ. ತಾನಾಗೇ ಆನ್ ಆಗಿರುವುದಿಲ್ಲವಾದ್ದರಿಂದ ಎಷ್ಟೋ ಜನಕ್ಕೆ ಇದು ಇರುವುದೇ ಗೊತ್ತಿಲ್ಲ. ಕಾಪಿ ಅಥವಾ ಕಟ್ ಮಾಡಿದ ಕೊನೆಯ 25 ತುಣುಕುಗಳನ್ನು ಇಟ್ಟುಕೊಳ್ಳುತ್ತದೆ. ಬೇಕಾದ್ದರ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ಇರುವಲ್ಲಿ ಇಳಿಯುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಎಲ್ಲ ಅಳಿಸಿಹೋಗುತ್ತವೆ. ಪಿನ್ ಚುಚ್ಚಿಟ್ಟವು ಮಾತ್ರ ಉಳಿಯುತ್ತವೆ. ನಮ್ಮ ಚಾಮರಾಜಪೇಟೆ ಡಿಟಿಪಿ ಟೇಬಲ್ಲಿನಲ್ಲಿ ಲಗ್ನಪತ್ರಿಕೆ ಸೀಸನ್‌ಗೆ 'ತಮ್ಮ ಸುಖಾಗಮನವನ್ನು ಬಯಸುವ' ಅನ್ನೋದು ಕಾಯಂ ಪಿನ್ ಆಗಿರುತ್ತದೆ.

ವರ್ಡ್‌ನಲ್ಲೇ ಇರುವ ಇನ್ನೊಂದು ಹಳೇ ಗುಟ್ಟು ಹೇಳುತ್ತೇನೆ. ನಿಮ್ಮಂಥ ಪುಸ್ತಕದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಪ್ಯಾರಾ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಫ್3 ಒತ್ತಿ. ಅದು ಕಟ್ ಆಗುತ್ತದೆ. ಇನ್ನೊಂದು ಕಡೆ ಹೋಗಿ ಮತ್ತೊಂದನ್ನು ಹಾಗೇ ಕಟ್ ಮಾಡಿ. ಹಳೆಯದು ಅಳಿಯುವುದಿಲ್ಲ, ಅದರ ಬೆನ್ನಿಗೆ ಸೇರಿಕೊಳ್ಳುತ್ತದೆ. ಅಲ್ಲಲ್ಲಿ ಚದುರಿರುವ ಅಜ್ಜನ ಕಥೆಗಳನ್ನೆಲ್ಲ ಹೀಗೆ ಆರಿಸಿಕೊಂಡು, ಹೊಸ ಅಧ್ಯಾಯಕ್ಕೆ ಹೋಗಿ ಕಂಟ್ರೋಲ್ ಶಿಫ್ಟ್ ಎಫ್3 ಒತ್ತಿ. ಆರಿಸಿದ ಕ್ರಮದಲ್ಲೇ ಎಲ್ಲ ಒಟ್ಟಿಗೆ ಇಳಿಯುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀಯನ್ನೂ ಹಿಡಿಯಬೇಕಾಗುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಎಲ್ಲರ ಲೇಖನಗಳನ್ನು ಒಂದೇ ಫೈಲಿಗೆ ಪೇಸ್ಟ್ ಮಾಡುತ್ತಿದ್ದೇನೆ. ಒಂದು ನೀಲಿ ಹಿನ್ನೆಲೆ ಸಮೇತ ಬರುತ್ತದೆ, ಒಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಒಬ್ಬ ಹಿರಿಯರ ಲೇಖನ ಅವರ ಫೈಲಿನಲ್ಲಿ ಚೆನ್ನಾಗೇ ಇದೆ, ಪೇಸ್ಟ್ ಮಾಡಿದರೆ ಇಂಗ್ಲಿಷ್ ಕಲಸುಮೇಲೋಗರ. ನನಗೆ ಸಾಕಾಗಿದೆ. — ಓದುಗರು, ರಾಜರಾಜೇಶ್ವರಿ ನಗರ

ಎರಡೂ ಬೇರೆ ಬೇರೆ ಕಾಯಿಲೆ. ಒಂದಕ್ಕೆ ಕೊಡುವ ಔಷಧ ಇನ್ನೊಂದನ್ನು ಜಾಸ್ತಿ ಮಾಡುತ್ತದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾಪಿ ಒತ್ತಿದಾಗ ಕ್ಲಿಪ್‌ಬೋರ್ಡಿಗೆ ಹೋಗುವುದು ಬರೀ ಅಕ್ಷರ ಅಲ್ಲ. ಅದೇ ಬರಹ ಎರಡು-ಮೂರು ರೂಪದಲ್ಲಿ ಒಟ್ಟಿಗೆ ಹೋಗುತ್ತದೆ. ಒಂದು ರೂಪದಲ್ಲಿ ಅಕ್ಷರ ಮಾತ್ರ. ಇನ್ನೊಂದರಲ್ಲಿ ಫಾಂಟ್, ಗಾತ್ರ, ಬಣ್ಣ, ಹಿನ್ನೆಲೆ ಎಲ್ಲ ಸೇರಿಕೊಂಡಿರುತ್ತದೆ. ಪೇಸ್ಟ್ ಮಾಡುವಾಗ ಯಾವುದನ್ನು ತೆಗೆದುಕೊಳ್ಳಬೇಕು ಅನ್ನೋದು ಆ ಕಡೆಯ ಪ್ರೋಗ್ರಾಮಿನ ಇಷ್ಟ. ನೋಟ್‌ಪ್ಯಾಡ್‌ಗೆ ಅಕ್ಷರ ಸಾಕು. ವರ್ಡ್‌ಗೆ ಅಲಂಕಾರ ಬೇಕು. ನಿಮ್ಮ ನೀಲಿ ಹಿನ್ನೆಲೆ ಬಂದಿರುವುದು ಹೀಗೆ. ಮದ್ದು: ಕಂಟ್ರೋಲ್ ವಿ ಬದಲು ಕಂಟ್ರೋಲ್ ಶಿಫ್ಟ್ ವಿ. ಅಲಂಕಾರ ಕಳಚಿ ಅಕ್ಷರ ಮಾತ್ರ ಇಳಿಯುತ್ತದೆ. ಗೂಗಲ್ ಡಾಕ್ಸ್, ಕ್ರೋಮ್, ಈಚಿನ ವರ್ಡ್ ಎಲ್ಲದರಲ್ಲೂ ನಡೆಯುತ್ತದೆ. ಹಳೇ ವರ್ಡ್ ಆದರೆ ಕಂಟ್ರೋಲ್ ಆಲ್ಟ್ ವಿ ಒತ್ತಿ, ಬರುವ ಪಟ್ಟಿಯಲ್ಲಿ ಫಾರ್ಮ್ಯಾಟ್ ಇಲ್ಲದ ಯುನಿಕೋಡ್ ಟೆಕ್ಸ್ಟ್ ಆರಿಸಿ. ಲಿಬ್ರೆ ಆಫೀಸ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ವಿ. ಬೆರಳಿಗೆ ಕಸರತ್ತು, ಆದರೂ ಅಭ್ಯಾಸ ಆಗುತ್ತದೆ.

ಹಿರಿಯರ ಲೇಖನದ ಕಥೆಯೇ ಬೇರೆ. ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಆಗಿರುತ್ತದೆ. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಕನ್ನಡವನ್ನೇ ಅಲ್ಲ. 'ಕನ್ನಡ' ಅನ್ನೋ ಪದ ನುಡಿ ಫೈಲಿನೊಳಗೆ ಹೀಗಿರುತ್ತದೆ: ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಡಬಲ್ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಫಾಂಟು ಆ ಪಿ ಇರುವ ಜಾಗದಲ್ಲಿ ಕಕಾರದ ಚಿತ್ರ ತೋರಿಸುತ್ತದೆ, ಅಷ್ಟೇ. ಫಾಂಟು ಜೊತೆಗಿದ್ದರೆ ಕನ್ನಡ, ಬಿಟ್ಟರೆ ಕಲಸುಮೇಲೋಗರ. ಈಗ ಗೊತ್ತಾಯಿತಲ್ಲ, ಈ ಲೇಖನಕ್ಕೆ ಕಂಟ್ರೋಲ್ ಶಿಫ್ಟ್ ವಿ ಯಾಕೆ ವಿಷ ಎಂದು. ಅದು ಮೊದಲು ಕಿತ್ತುಹಾಕುವುದೇ ಫಾಂಟನ್ನು.

ಇಂಥದ್ದು ಬಂದಾಗ ಮಾಮೂಲಿ ಕಂಟ್ರೋಲ್ ವಿ ಒತ್ತಿ, ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರಿದೆ ನೋಡಿ. ನುಡಿ, ಬರಹ, ಶ್ರೀಲಿಪಿ ಎಂದಿದ್ದರೆ ಅದನ್ನು ಯುನಿಕೋಡ್‌ಗೆ, ಅಂದರೆ ಕನ್ನಡವನ್ನು ಕನ್ನಡವಾಗೇ ಉಳಿಸಿಕೊಳ್ಳುವ ಸಂಕೇತಕ್ಕೆ, ಪರಿವರ್ತಿಸಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಒಂದು ಅಪಾಯ ಇದೆ. ಲೇಖನದ ಮಧ್ಯೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ನುಡಿ ಎಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಪಾಪ, ಅದಕ್ಕೆ ಸಿಗುವುದು ಬರೀ ಅಕ್ಷರ, ಯಾವುದು ಯಾವ ಫಾಂಟಿನಲ್ಲಿತ್ತು ಎಂದು ತಿಳಿಯಲು ದಾರಿ ಇಲ್ಲ. ಹಾಗಾಗಿ ಇಮೇಲ್ ವಿಳಾಸ, ಡಿಗ್ರಿ ಹೆಸರು, ಇಂಗ್ಲಿಷ್ ಉಲ್ಲೇಖ ಇವನ್ನು ಪರಿವರ್ತನೆ ಆದಮೇಲೆ ಕೈಯಲ್ಲೇ ಸೇರಿಸಿ. ಪ್ರೂಫ್ ನೋಡುವಾಗ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಕಣ್ಣಿಡಿ. ತಪ್ಪು ನುಸುಳುವುದು ಅಲ್ಲೇ.

ಹಿರಿಯರನ್ನು ಬೈಯಬೇಡಿ. ಪುಟ ಜೋಡಿಸುವ ಹಳೇ ಪ್ರೋಗ್ರಾಂ ಪೇಜ್‌ಮೇಕರ್‌ಗೆ ಯುನಿಕೋಡ್ ಬರುತ್ತಲೇ ಇರಲಿಲ್ಲ. ಅದನ್ನು ನಂಬಿದ ಪ್ರೆಸ್ಸುಗಳು ಹಳೇ ಫಾಂಟಿನಲ್ಲೇ ಕೊಡಿ ಎಂದು ಎಷ್ಟೋ ವರ್ಷ ಕೇಳಿವೆ. ಅವರು ರೂಢಿ ಬಿಟ್ಟಿಲ್ಲ, ಅಷ್ಟೇ.

ಪ್ರಶ್ನೆ: ಕಾಪಿಗೆ ಸಿ ಸರಿ. ಪೇಸ್ಟ್‌ಗೆ ಪಿ ಬಿಟ್ಟು ವಿ ಯಾಕೆ? — ವಿದ್ಯಾರ್ಥಿನಿ, ವಿಜಯನಗರ

ಕೀಬೋರ್ಡಿನ ಕೆಳಸಾಲು ನೋಡಿ. ಝಡ್ (ಮಾಡಿದ್ದನ್ನು ರದ್ದು ಮಾಡುವ ಅನ್‌ಡು), ಎಕ್ಸ್ (ಕಟ್), ಸಿ, ವಿ ಸಾಲಾಗಿ ಎಡಗೈ ಕೆಳಗೇ ಇವೆ. ಬಲಗೈ ಮೌಸ್ ಬಿಡಬೇಕಿಲ್ಲ. 1983ರಲ್ಲಿ ಬಂದ ಆಪಲ್ ಲೀಸಾ ಕಂಪ್ಯೂಟರಿನಲ್ಲಿ ಈ ನಾಲ್ಕೂ ಶಾರ್ಟ್‌ಕಟ್ ಇದ್ದವು. ಅಲ್ಲಿ ಕೆಲಸ ಮಾಡಿದ ಲ್ಯಾರಿ ಟೆಸ್ಲರ್ ಅದಕ್ಕೂ ಮೊದಲು, 1970ರ ದಶಕದಲ್ಲಿ, ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದರು. ಟಿಮ್ ಮಾಟ್ ಜೊತೆ ಸೇರಿ ಜಿಪ್ಸಿ ಎಂಬ ಎಡಿಟರ್, ಅಂದರೆ ಬರಹ ತಿದ್ದುವ ಪ್ರೋಗ್ರಾಂ, ಕಟ್ಟಿದರು. ಕಟ್, ಕಾಪಿ, ಪೇಸ್ಟ್ ಈಗಿನ ರೂಪಕ್ಕೆ ಬಂದಿದ್ದು ಅಲ್ಲಿ. ನನಗೆ ಖುಷಿ ಕೊಡುವ ಸಂಗತಿ ಏನು ಗೊತ್ತಾ? ಅದನ್ನು ಮಾಡಿದ್ದು ಬಾಸ್ಟನ್ನಿನ ಒಂದು ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ. ಅಂದರೆ ನಮ್ಮ ಕಸುಬಿನವರಿಗೆ! ಟೆಸ್ಲರ್ 2020ರಲ್ಲಿ ತೀರಿಕೊಂಡರು.

ಪ್ರಶ್ನೆ: ನಾವು ಎಂಜಿನಿಯರಿಂಗ್ ಕೊನೆ ವರ್ಷದವರು. ಕನ್ನಡಕ್ಕೆಂದೇ ಒಂದು ಟೆಕ್ಸ್ಟ್ ಎಡಿಟರ್ ಮಾಡುತ್ತಿದ್ದೇವೆ. ಕಟ್, ಕಾಪಿ, ಪೇಸ್ಟ್, ಅನ್‌ಡು ಎಲ್ಲ ಕೆಲಸ ಮಾಡುತ್ತಿದೆ. ಇನ್ನು ಎಐ ಸೇರಿಸೋಣ ಅಂತಿದ್ದೇವೆ. ದಿನಾ ಕನ್ನಡ ಟೈಪ್ ಮಾಡುವವರಾಗಿ ನಿಮಗೆ ಏನೇನು ಬೇಕು? — ಓದುಗರು, ಬನಶಂಕರಿ

ಎಐ ಆಮೇಲೆ. ಮೊದಲು ನಿಮ್ಮ ಎಡಿಟರಿನಲ್ಲಿ 'ಲಕ್ಷ್ಮಿ' ಎಂದು ಟೈಪ್ ಮಾಡಿ.

ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿಗೆ ಏಳು: ಲ, ಕ, ಹಲಂತ, ಷ, ಹಲಂತ, ಮ, ಗುಡಿಸು. ಕೊನೆಯಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತುತ್ತಾ ಹೋಗಿ. ಲಕ್ಷ್ಮ, ಲಕ್ಷ್, ಲಕ್ಷ, ಲಕ್, ಲಕ, ಲ ಎಂದು ಒಂದೊಂದೇ ಕಳಚಬೇಕು. ನನಗೆ ಹೀಗೇ ಬೇಕು. 'ಲಕ್ಷ್ಮಿ'ಯನ್ನು 'ಲಕ್ಷ್ಮೀ' ಮಾಡಬೇಕಾದರೆ ಗುಡಿಸು ಒಂದನ್ನು ತೆಗೆದರೆ ಸಾಕಲ್ವಾ? ಇಡೀ ಒತ್ತಕ್ಷರ ಅಳಿಸಿ ಮೊದಲಿಂದ ಟೈಪ್ ಮಾಡಿಸಿದರೆ ನಾನು ನಿಮ್ಮ ಎಡಿಟರನ್ನು ಅವತ್ತೇ ಅನ್‌ಇನ್‌ಸ್ಟಾಲ್ ಮಾಡುತ್ತೇನೆ.

ಡಿಲೀಟ್ ಕೀ ಹಾಗಲ್ಲ. ಲ ಆದಮೇಲೆ ಕರ್ಸರ್ ಇಟ್ಟು ಡಿಲೀಟ್ ಒತ್ತಿದರೆ 'ಕ್ಷ್ಮಿ' ಪೂರ್ತಿ ಹೋಗಬೇಕು. ಕೆಲವು ಎಡಿಟರುಗಳಲ್ಲಿ 'ಕ್' ಮಾತ್ರ ಹೋಗಿ 'ಲಷ್ಮಿ' ಉಳಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ ಕ ಒಂದೇ ಹೋಗಿ ಹಲಂತ ಲಕಾರಕ್ಕೆ ಅಂಟಿಕೊಳ್ಳುವುದು. ಬಾಣದ ಕೀಗಳೂ ಅಷ್ಟೆ, ಇಡೀ ಅಕ್ಷರ ದಾಟಬೇಕು. ಮೌಸ್‌ನಲ್ಲಿ ಎಳೆದು ಸೆಲೆಕ್ಟ್ ಮಾಡುವಾಗ ಒತ್ತಕ್ಷರದ ಮಧ್ಯೆ ನಿಲ್ಲಲು ಬಿಡಲೇಬೇಡಿ. ಬಿಟ್ಟರೆ ಅರ್ಧ ಅಕ್ಷರ ಕಟ್ ಆಗುತ್ತದೆ. ಪೇಸ್ಟ್ ಮಾಡಿದ ಕಡೆ ಒಂಟಿ ಗುಡಿಸು ಚುಕ್ಕಿಗಳ ಉಂಗುರದ ಮೇಲೆ ಕೂತು ಅಣಕಿಸುತ್ತದೆ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಮಧ್ಯೆ ಅಗಲವೇ ಇಲ್ಲದ ಒಂದು ತಡೆ ಹಾಕಿರುತ್ತೇವೆ. ಅದು ಬಿದ್ದುಹೋದರೆ 'ರಾಜ್ಕುಮಾರ್' ಆಗುತ್ತದೆ. ಅಣ್ಣಾವ್ರ ಹೆಸರನ್ನು ಹಾಗೆ ಅಚ್ಚು ಮಾಡಿದರೆ ಬೆಂಗಳೂರಿನಲ್ಲಿ ಪ್ರೆಸ್ ನಡೆಸುವುದು ಕಷ್ಟ. 'ರ‍್ಯಾಂಕ್' ಪದದಲ್ಲೂ ಇಂಥದ್ದೇ ಇನ್ನೊಂದು ಗುರುತು ಇರುತ್ತದೆ, ಅದು ಹೋದರೆ 'ರ್ಯಾಂಕ್'. ಪೇಸ್ಟ್ ಆಗುವ ಬರಹವನ್ನು 'ಕ್ಲೀನ್' ಮಾಡುತ್ತೇವೆ ಎಂದು ಕೆಲವು ಪ್ರೋಗ್ರಾಮುಗಳು ಇವನ್ನೂ ಗುಡಿಸಿಹಾಕುತ್ತವೆ. ಬೇರೆ ಕಸ ಏನೇ ತೆಗೆಯಿರಿ, ಇವೆರಡನ್ನು ಮುಟ್ಟಬೇಡಿ. ಹುಡುಕುವಾಗ ಮಾತ್ರ ಉಲ್ಟಾ. ನಾನು ತಡೆ ಇಲ್ಲದೆ ಟೈಪ್ ಮಾಡಿ ಹುಡುಕಿದರೂ ತಡೆ ಇರುವ ರಾಜ್‌ಕುಮಾರ್ ಸಿಗಬೇಕು. ಈಗಿರುವ ಎಡಿಟರುಗಳಲ್ಲಿ ಇದು ಸರಿಯಾಗಿರುವುದು ಕಮ್ಮಿ. ಇದೊಂದನ್ನು ಮಾಡಿದರೂ ನಿಮ್ಮ ಪ್ರಾಜೆಕ್ಟಿಗೆ ಎಐಗಿಂತ ಜಾಸ್ತಿ ಬೆಲೆ ಎಂಬುದು ನನ್ನ ಲೆಕ್ಕ.

ಅನ್‌ಡು 'ಕೆಲಸ ಮಾಡುತ್ತಿದೆ' ಅಂದಿದ್ದೀರಿ. ಹೇಗೆ ಮಾಡುತ್ತಿದೆ? ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿಧಾನದಲ್ಲಿ ಕೆ ಒತ್ತಿದಾಗ 'ಕ್' ಬರುತ್ತದೆ, ಎ ಒತ್ತಿದಾಗ ಅದು ಅಳಿಸಿ 'ಕ' ಆಗುತ್ತದೆ. ಪ್ರತಿ ಕೀಯನ್ನೂ ಒಂದು ಹೆಜ್ಜೆ ಎಂದು ಬರೆದಿಟ್ಟುಕೊಂಡರೆ ಅನ್‌ಡು ಒತ್ತಿದಾಗ ನಾನು ಯಾವತ್ತೂ ಬರೆಯದ ಅರೆಬೆಂದ ಅಕ್ಷರಗಳೆಲ್ಲ ಪರದೆ ಮೇಲೆ ಮೆರವಣಿಗೆ ಬರುತ್ತವೆ. ಒಂದು ಪದ ಅಥವಾ ಸ್ವಲ್ಪ ಬಿಡುವು ಸಿಗುವ ತನಕದ ಟೈಪಿಂಗ್ ಒಂದು ಹೆಜ್ಜೆ ಆಗಲಿ. ಒಂದು ಪೇಸ್ಟ್ ಎಷ್ಟೇ ಪುಟ ಇರಲಿ, ಅದು ಒಂದೇ ಹೆಜ್ಜೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ರಿಪ್ಲೇಸ್ ಆಲ್ ಕೂಡ ಒಂದೇ. ಹಳೇ ನೋಟ್‌ಪ್ಯಾಡ್ ನೆನಪಿದೆಯಾ? ಅದರಲ್ಲಿ ಅನ್‌ಡು ಒಂದೇ ಹೆಜ್ಜೆ. ಎರಡನೇ ಸಲ ಒತ್ತಿದರೆ ಅಳಿಸಿದ್ದು ವಾಪಸ್. ವಿಂಡೋಸ್ 11ರ ಹೊಸ ನೋಟ್‌ಪ್ಯಾಡ್ ಬರುವ ತನಕ ಅದೇ ಗತಿ.

ಏನೂ ಸೆಲೆಕ್ಟ್ ಮಾಡದೆ ಕಂಟ್ರೋಲ್ ಸಿ ಒತ್ತಿದರೆ? ವಿಎಸ್ ಕೋಡ್‌ನಲ್ಲಿ ಕರ್ಸರ್ ಇರುವ ಇಡೀ ಸಾಲು ಕಾಪಿ ಆಗುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಅದು ವರ. ಲೇಖನ ಬರೆಯುವವರಿಗೆ ಬೇಡ. ನಮಗೆ ಪ್ಯಾರಾ ಮುಗಿಯುವ ತನಕ ಎಂಟರ್ ಇರುವುದಿಲ್ಲ, ಹಾಗಾಗಿ ಅದರ ಲೆಕ್ಕದಲ್ಲಿ ಇಡೀ ಪ್ಯಾರಾ ಒಂದು ಸಾಲು. ಕೈತಪ್ಪಿ ಒತ್ತಿದರೆ ಮೊದಲು ಕಾಪಿ ಮಾಡಿದ್ದು ಹೋಗಿ ಪ್ಯಾರಾ ಬಂದು ಕೂರುತ್ತದೆ. ನಿಮ್ಮದರಲ್ಲಿ ಸೆಲೆಕ್ಟ್ ಆಗಿಲ್ಲ ಅಂದರೆ ಕ್ಲಿಪ್‌ಬೋರ್ಡ್ ಮುಟ್ಟದೆ ಸುಮ್ನೆ ಇದ್ದುಬಿಡಲಿ. ಹಾಗೇ ಅಳಿಸಿದ್ದನ್ನೆಲ್ಲ ಪೇಸ್ಟ್‌ಗೆಂದು ಎತ್ತಿಡುವ ವಿಮ್ ಎಡಿಟರಿನ ಬುದ್ಧಿಯೂ ನಮಗೆ ಬೇಡ. ಅಳಿಸುವುದು ಬೇರೆ, ಕಟ್ ಮಾಡುವುದು ಬೇರೆ. ಕದಿಯುವುದಾದರೆ ಗ್ನು ಇಮ್ಯಾಕ್ಸ್ ಎಂಬ ಎಡಿಟರಿನಿಂದ ಒಂದು ಕದಿಯಿರಿ. ಅದರಲ್ಲಿ ಪೇಸ್ಟ್ ಮಾಡಿದ ಮೇಲೆ ಇನ್ನೊಂದು ಕೀ ಒತ್ತುತ್ತಾ ಹೋದರೆ ಅದೇ ಜಾಗದಲ್ಲಿ ಹಿಂದಿನದು, ಅದರ ಹಿಂದಿನದು ಎಂದು ಬದಲಾಗುತ್ತಾ ಬರುತ್ತದೆ. ಬೇಕಾದ್ದು ಸಿಕ್ಕಾಗ ನಿಲ್ಲಿಸಿದರೆ ಆಯಿತು. ಕಿಟಕಿ ತೆರೆಯಬೇಕಿಲ್ಲ, ಮೌಸ್ ಬೇಕಿಲ್ಲ.

ಕರ್ಸರ್ ಪೇಸ್ಟ್ ಆದ ಬರಹದ ಕೊನೆಗೆ ನಿಲ್ಲಲಿ ಎಂದು ಬೇರೆ ಹೇಳಬೇಕಾ? ಬೇಕು ಅನಿಸುತ್ತದೆ. ಇಲ್ಲಿಗೆ ತೋರಿಸಲು ಬಂದ ಒಂದು ಎಡಿಟರಿನಲ್ಲಿ ಪೇಸ್ಟ್ ಆದಮೇಲೆ ಕರ್ಸರ್ ಮೊದಲ ಪುಟಕ್ಕೆ ಹಾರುತ್ತಿತ್ತು.

ಪ್ರಶ್ನೆ: ನಾನು ನಮ್ಮ ಬಡಾವಣೆ ಅಸೋಸಿಯೇಷನ್ ಖಜಾಂಚಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಐಎಫ್‌ಎಸ್‌ಸಿ ಕೋಡನ್ನು ಬ್ಯಾಂಕ್ ಪುಟದಲ್ಲಿ ಪೇಸ್ಟ್ ಮಾಡಿದರೆ ತಪ್ಪು ಅನ್ನುತ್ತದೆ. ನೋಡಲು ಸರಿಯಾಗೇ ಇದೆ. ಖಾತೆ ನಂಬರನ್ನು ಹೀಗೆ ಪೇಸ್ಟ್ ಮಾಡುವುದು ಸೇಫಾ? — ಓದುಗರು, ಜೆ.ಪಿ. ನಗರ

ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕು, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ನೀವು ಕಾಪಿ ಮಾಡುವಾಗ ಮುಂದೆ ಒಂದು ಖಾಲಿ ಜಾಗವೂ ಸೇರಿರುತ್ತದೆ. ಆ ಪೆಟ್ಟಿಗೆ 11ಕ್ಕಿಂತ ಜಾಸ್ತಿ ತೆಗೆದುಕೊಳ್ಳದಿದ್ದರೆ ಕೊನೆಯ ಅಂಕಿ ಹೊರಗೆ ಬೀಳುತ್ತದೆ. ಖಾಲಿ ಜಾಗ ಕಾಣುವುದಿಲ್ಲ, ಕೊನೆಯ ಅಂಕಿ ಇಲ್ಲದ್ದು ಗಮನಕ್ಕೆ ಬರುವುದಿಲ್ಲ. ಮೊದಲು ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ, ಹಿಂದೆ ಮುಂದೆ ಒರೆಸಿ, ಅಲ್ಲಿಂದ ಕಾಪಿ ಮಾಡಿ.

ಸೇಫಾ ಅಂದರೆ, ಕೈಯಲ್ಲಿ ಟೈಪ್ ಮಾಡಿ ಸೊನ್ನೆ ಬದಲು ಓ ಒತ್ತುವುದಕ್ಕಿಂತ ಸೇಫು. ಆದರೆ ಕ್ಲಿಪ್‌ಬೋರ್ಡಿನಲ್ಲಿ ಇರುವುದನ್ನು ಸದ್ದಿಲ್ಲದೆ ಬದಲಿಸುವ ವೈರಸ್‌ಗಳಿವೆ. ಪೇಸ್ಟ್ ಆದಮೇಲೆ ಮೊದಲಿನ ಮತ್ತು ಕೊನೆಯ ನಾಲ್ಕು ಅಂಕಿ ಓದಿ ನೋಡಿ. ಖಾತೆ ನಂಬರನ್ನು ಎರಡನೇ ಸಲ ಹಾಕುವ ಪೆಟ್ಟಿಗೆಯಲ್ಲಿ ಕೆಲವು ಬ್ಯಾಂಕುಗಳು ಪೇಸ್ಟ್ ಬಿಡುವುದಿಲ್ಲ. ಅದು ಒಳ್ಳೆಯದೇ, ಟೈಪ್ ಮಾಡಿ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಪೇಸ್ಟ್ ತಡೆಯುವುದು ಮಾತ್ರ ನನಗೆ ಮೂರ್ಖತನ ಅನಿಸುತ್ತದೆ. ಜನ ಆಗ ಸುಲಭದ ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ.

ಮಲ್ಲೇಶ್ವರದವರಿಗೆ ಹೇಳಿದ ಹಿಸ್ಟರಿ ನೀವೂ ಆನ್ ಮಾಡಿದರೆ, ಅಸೋಸಿಯೇಷನ್ ಆಫೀಸಿನಂಥ ಹತ್ತು ಜನ ಕೂರುವ ಕಂಪ್ಯೂಟರಿನಲ್ಲಿ ಎದ್ದೇಳುವ ಮುಂಚೆ 'ಕ್ಲಿಯರ್ ಆಲ್' ಒತ್ತಿ.

ಇನ್ನೊಂದು ಮೋಸ ಈಗ ಓಡಾಡುತ್ತಿದೆ. ಯಾವುದೋ ವೆಬ್‌ಪುಟ 'ನೀವು ರೋಬಾಟ್ ಅಲ್ಲ ಎಂದು ತೋರಿಸಿ' ಎಂದು ಕೇಳಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಎಂದು ಹೇಳುತ್ತದೆ. ನೀವು ಏನೂ ಕಾಪಿ ಮಾಡಿರುವುದಿಲ್ಲ. ಕ್ಲಿಕ್ ಮಾಡಿದಾಗ ಆ ಪುಟವೇ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಕಮಾಂಡ್ ತುರುಕಿರುತ್ತದೆ. ಎಂಟರ್ ಒತ್ತಿದರೆ ವೈರಸ್ಸನ್ನು ನಿಮ್ಮ ಕೈಯಾರೆ ಒಳಗೆ ಕರೆದಂತೆ. ಹೀಗೆ ಕೇಳುವ ಪುಟವನ್ನು ಅಲ್ಲೇ ಮುಚ್ಚಿ. ನಿಜವಾದ ರೋಬಾಟ್ ಪರೀಕ್ಷೆ ಯಾವತ್ತೂ ಬ್ರೌಸರ್ ಬಿಟ್ಟು ಹೊರಗೆ ಹೋಗು ಎನ್ನುವುದಿಲ್ಲ.

ಪ್ರಶ್ನೆ: ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಸಿದ್ದೇನೆ. ಮೌಸ್ ಚಕ್ರ ಒತ್ತಿದರೆ ಸಾಕು, ಎಲ್ಲೆಂದರಲ್ಲಿ ಏನೇನೋ ಪೇಸ್ಟ್ ಆಗುತ್ತದೆ. ದೆವ್ವ ಹೊಕ್ಕಿದೆಯಾ? — ಓದುಗರು, ಯಶವಂತಪುರ

ದೆವ್ವ ಅಲ್ಲ, ಹಳೇ ಸಂಪ್ರದಾಯ. ನಿಮ್ಮ ಉಬುಂಟು ಲಿನಕ್ಸ್ ಕುಟುಂಬದ್ದು. ಲಿನಕ್ಸ್‌ನಲ್ಲಿ ಎರಡು ಡಬ್ಬ ಇವೆ. ಕಂಟ್ರೋಲ್ ಸಿ ಒತ್ತಿದ್ದು ಒಂದರಲ್ಲಿ. ಬರೀ ಸೆಲೆಕ್ಟ್ ಮಾಡಿದ್ದು, ಕಾಪಿ ಒತ್ತದೇ ಇದ್ದರೂ, ಇನ್ನೊಂದರಲ್ಲಿ. ಚಕ್ರ ಒತ್ತಿದರೆ ಬರುವುದು ಎರಡನೆಯದು. ರೂಢಿ ಆದರೆ ಒಂದೇ ಹೊತ್ತಿಗೆ ಎರಡು ತುಣುಕು ಸಾಗಿಸಬಹುದು, ನನಗಂತೂ ಇಷ್ಟ. ಬೇಡವಾದರೆ ಗ್ನೋಮ್ ಟ್ವೀಕ್ಸ್ ಎಂಬ ಸಣ್ಣ ಪ್ರೋಗ್ರಾಂ ಹಾಕಿಕೊಂಡು ಅದರಲ್ಲಿ ಮಿಡ್ಲ್ ಕ್ಲಿಕ್ ಪೇಸ್ಟ್ ಆಫ್ ಮಾಡಿ.